ಅರ್ಧ ವಾಟಿನ ನಿಸ್ತಂತು ಯಂತ್ರ

1844ನೆಯ ಇಸವಿಯ ಮೇ 24ರಂದು ಸ್ಯಾಮ್ಯುಅಲ್ ಮೋರ್ಸನು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತಂತಿಯ ಮೂಲಕ ಕಳುಹಿಸಿದ ವಾಕ್ಯವು ಅರಣ್ಯಕಾಂಡದ 23ನೆಯ ಅಧ್ಯಾಯದಲ್ಲಿರುವ ಬಿಳಾಮನ ಮಾತು. ಅದನ್ನು ಆರಿಸಿಕೊಟ್ಟವಳು ಆನಿ ಎಲ್ಸ್‌ವರ್ತ್ ಎಂಬ ತರುಣಿ. ಮಾತು ಹುಡುಗಿಯದು, ಯಂತ್ರವು ಗಂಡಸರದು. ಈ ಹಂಚಿಕೆಯು ಅನೇಕ ಮನೆಗಳಲ್ಲಿ ಇಂದಿಗೂ ಹಾಗೆಯೇ ಇದೆ. ನಮ್ಮ ಬಾಲಿಕೆಯರು ಅಂಗೈಯೊಳಗಿನ ಫೋನಿನಿಂದ ಲೋಕದೊಡನೆ ಮಾತನಾಡುತ್ತಾರೆ. ಅದರೊಳಗೆ ನಡೆಯುವುದೇನೆಂದು ಕೇಳಿದರೆ ಮೌನವಾಗುತ್ತಾರೆ. ಆದುದರಿಂದ, ಮನೆಯ ಮೇಜಿನ ಮೇಲೆ ಒಬ್ಬ ಹುಡುಗಿಯು ತಾನೇ ಕಟ್ಟಬಹುದಾದ ಒಂದು ಚಿಕ್ಕ ನಿಸ್ತಂತು ಯಂತ್ರದ ವಿಷಯವನ್ನು ಪೂರ್ವವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡುತ್ತೇನೆ.

ಹವ್ಯಾಸಿ ನಿಸ್ತಂತುಗಾರರಲ್ಲಿ 5 ವಾಟಿಗೆ ಮೀರದ ಶಕ್ತಿಯನ್ನು ಅಲ್ಪಶಕ್ತಿಯೆಂದು ಕರೆಯುವ ವಾಡಿಕೆಯುಂಟು. ನಾನು ಹೇಳಹೊರಟಿರುವ 'ಪಿಕ್ಸಿ' ಎಂಬ ಯಂತ್ರದ ಶಕ್ತಿಯಾದರೋ ಸುಮಾರು ಅರ್ಧ ವಾಟು ಮಾತ್ರ. ಹಳೆಯ ಕೈದೀಪದ ಬುರುಡೆಯೂ ಇದಕ್ಕಿಂತ ಹೆಚ್ಚನ್ನು ನುಂಗುತ್ತಿತ್ತು. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದಾಗ ಅವರ ಪ್ರೇಷಕದ ಶಕ್ತಿಯು 30 ವಾಟು. ಹಾಗಾದರೆ ಅರ್ಧ ವಾಟು ಎಷ್ಟು ದೂರ ಹೋದೀತು ಎಂಬ ಸಂದೇಹವು ಸಹಜವೇ.

ಉತ್ತರವು ಲೆಕ್ಕದಲ್ಲಿದೆ. ಬಂದ ಸಂಕೇತದ ಬಲವನ್ನು ಅಳೆಯುವ ಮಾಪಕದಲ್ಲಿ ಒಂದು ಅಂಕ ಏರಬೇಕಾದರೆ ಶಕ್ತಿಯನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. 5 ವಾಟನ್ನು 100 ವಾಟಿಗೆ ಏರಿಸಿದರೂ, ಅಂದರೆ ಇಪ್ಪತ್ತು ಪಟ್ಟು ಮಾಡಿದರೂ, ಕೇಳುವವನ ಮಾಪಕದ ಮುಳ್ಳು ಎರಡು ಅಂಕಗಳಿಗಿಂತ ಸ್ವಲ್ಪವೇ ಹೆಚ್ಚು ಸರಿಯುತ್ತದೆ. ಅಲ್ಲದೆ, ಮನುಷ್ಯರ ಧ್ವನಿಯನ್ನು ಹೊತ್ತೊಯ್ಯಲು ಸುಮಾರು 2,500 ಹರ್ಟ್ಸ್ ಅಗಲದ ದಾರಿ ಬೇಕು. ಮೋರ್ಸನ ಚುಕ್ಕೆ ಗೆರೆಗಳಿಗೆ ಅದರ ಹತ್ತನೆಯ ಒಂದು ಪಾಲೂ ಬೇಡ. ಇಕ್ಕಟ್ಟಾದ ದಾರಿಯಲ್ಲಿ ಗದ್ದಲವೂ ಕಡಿಮೆ. ಆದುದರಿಂದ ಪಿಕ್ಸಿಯು ಮೋರ್ಸ್ ಭಾಷೆಯನ್ನು ಮಾತ್ರ ಆಡುತ್ತದೆ, ಮತ್ತು ವಾಯುಮಂಡಲದ ಮೇಲಿನ ಅಯಾನುಗೋಳವು ಅನುಕೂಲವಾಗಿದ್ದರೆ ನೂರಾರು ಮೈಲು ಕೇಳಿಸುತ್ತದೆ.

ಇನ್ನು ಅದರ ಒಳಗಣ ಸಂಗತಿ. ಕ್ರಿಸ್ಟಲ್ ಎಂದು ಅಂಗಡಿಯಲ್ಲಿ ಕೇಳತಕ್ಕ ಸ್ಫಟಿಕದ ತುಂಡೊಂದು ಮೊದಲನೆಯ ಟ್ರಾನ್ಸಿಸ್ಟರಿನೊಡನೆ ಸೇರಿ ಸೆಕೆಂಡಿಗೆ 70,23,000 ಸಲ ಕಂಪಿಸುತ್ತದೆ, ಇದನ್ನೇ 7.023 ಮೆಗಾಹರ್ಟ್ಸ್ ಎನ್ನುವರು. ಕೀಲಿಯನ್ನು ಒತ್ತಿದಾಗ ಎರಡನೆಯ ಟ್ರಾನ್ಸಿಸ್ಟರು ಈ ಕಂಪನವನ್ನು ಬಲಪಡಿಸಿ ಏರಿಯಲ್ಲಿಗೆ ಕೊಡುತ್ತದೆ. ಕೀಲಿಯನ್ನು ಬಿಟ್ಟಾಗ ಅದೇ ಟ್ರಾನ್ಸಿಸ್ಟರು ವೇಷ ಬದಲಿಸಿ ಗ್ರಾಹಕವಾಗುತ್ತದೆ. ನನಗೆ ಈ ಯಂತ್ರದಲ್ಲಿ ಅತ್ಯಂತ ಮೆಚ್ಚಿಕೆಯಾದುದು ಇದೇ. ದೂರದ ಕೇಂದ್ರವೊಂದು 7.0236ರಲ್ಲಿ ಕರೆಯುತ್ತಿದೆಯೆನ್ನಿರಿ. ಅದು ನಮ್ಮ 7.0230ರೊಡನೆ ಬೆರೆತಾಗ ಎರಡರ ವ್ಯತ್ಯಾಸವಾದ 600 ಹರ್ಟ್ಸಿನ ಸ್ವರವು ಹುಟ್ಟುತ್ತದೆ. ಕಿವಿಗೆ ಕೇಳದ ಎರಡು ಕಂಪನಗಳಿಂದ ಕಿವಿಗೆ ಕೇಳುವ ಒಂದು ಸ್ವರ! ಹಾರ್ಮೋನಿಯಮ್ಮಿನ ಎರಡು ಪೀಪಿಗಳು ಕೊಂಚ ಶ್ರುತಿ ತಪ್ಪಿದಾಗ ಹುಟ್ಟುವ ಮಿಡಿತವನ್ನು ಬಲ್ಲವರಿಗೆ ಇದು ಹೊಸದಾಗಿ ತೋರದು. ಎಲ್‌ಎಂ 386 ಎಂಬ ಐ.ಸಿ.ಯು ಆ ಸ್ವರವನ್ನು ದೊಡ್ಡದು ಮಾಡಿ ಕಿವಿಗೆ ಮುಟ್ಟಿಸುತ್ತದೆ.

ಬಿಡಿಭಾಗಗಳು ಹಲಗೆಯ ಸಹಿತ ಕೆಲವೇ ನೂರು ರೂಪಾಯಿಗಳಿಗೆ ದೊರೆಯುತ್ತವೆ. ಮೊದಲು ಚಿಕ್ಕ ರೆಸಿಸ್ಟರುಗಳನ್ನೂ ಕೆಪಾಸಿಟರುಗಳನ್ನೂ ಕೂಡಿಸಿ, ಎತ್ತರವಾದವುಗಳನ್ನು ಕಡೆಗೆ ಇಡತಕ್ಕದ್ದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಋಣ ಧನ ತುದಿಗಳನ್ನೂ ಟ್ರಾನ್ಸಿಸ್ಟರಿನ ಚಪ್ಪಟೆಯಾದ ಮುಖವನ್ನೂ ಹಲಗೆಯ ಗುರುತಿಗೆ ಸರಿಯಾಗಿ ಹಿಡಿಯಬೇಕು. ಬೆಸುಗೆಯ ಕಡ್ಡಿಯಿಂದ ತಾಮ್ರವನ್ನೂ ತಂತಿಯನ್ನೂ ಒಟ್ಟಿಗೆ ಕಾಯಿಸಿ, ಆ ಕಾವಿಗೆ ಸೀಸವು ತಾನಾಗಿ ಕರಗಿ ಹರಿಯುವಂತೆ ಮಾಡಬೇಕು. ಕಡ್ಡಿಯ ಮೇಲೆ ಕರಗಿಸಿ ತೊಟ್ಟಿಕ್ಕಿಸಿದ ಬೆಸುಗೆಯು ಮಂಕಾಗಿ ಉಂಡೆಕಟ್ಟಿ, ನೋಡಲು ಅಂಟಿದಂತಿದ್ದರೂ ವಿದ್ಯುತ್ತನ್ನು ಬಿಡದು. ಕಸೂತಿ ಹಾಕಿದ ಕೈಗೆ ಈ ಕೆಲಸವು ಬೇಗ ಒಗ್ಗುತ್ತದೆ. ಕಿಟಕಿಯನ್ನು ತೆರೆದಿಟ್ಟು ಕೆಲಸ ಮಾಡಿ, ಮುಗಿದ ಮೇಲೆ ಕೈಗಳನ್ನು ತೊಳೆಯದೆ ಏನನ್ನೂ ತಿನ್ನಕೂಡದು, ಸೀಸವು ವಿಷ.

ಕಟ್ಟಿ ಮುಗಿದ ಕೂಡಲೇ ಏರಿಯಲ್ಲಿಗೆ ಜೋಡಿಸಬೇಡಿರಿ. ತಲಾ ಒಂದು ವಾಟಿನ, 100 ಓಮಿನ ಎರಡು ರೆಸಿಸ್ಟರುಗಳನ್ನು ಪಕ್ಕಪಕ್ಕಕ್ಕೆ ಸೇರಿಸಿದರೆ 50 ಓಮಿನ ಹುಸಿ ಏರಿಯಲ್ಲಾಗುತ್ತದೆ. ಮೊದಲ ಪರೀಕ್ಷೆಯು ಅದರ ಮೇಲೆಯೇ ನಡೆಯಲಿ. ನಿಜವಾದ ಏರಿಯಲ್ಲು ಸುಮಾರು 66 ಅಡಿ ತಾಮ್ರದ ತಂತಿ. ಅದನ್ನು ನಟ್ಟನಡುವೆ ಕತ್ತರಿಸಿ, ಎರಡು ತೆಂಗಿನಮರಗಳ ನಡುವೆ ಸಾಧ್ಯವಾದಷ್ಟು ಎತ್ತರಕ್ಕೆ, ಕರೆಂಟಿನ ತಂತಿಗಳಿಂದ ದೂರವಾಗಿ ಕಟ್ಟತಕ್ಕದ್ದು. ಯಂತ್ರವು ಚಿಕ್ಕದಾದಷ್ಟೂ ಏರಿಯಲ್ಲು ಚೆನ್ನಾಗಿರಬೇಕು.

ಆದರೆ ಇದಕ್ಕೆಲ್ಲ ಮೊದಲು ಪರವಾನಗಿ. ಪ್ರೇಷಕವು ಎಷ್ಟೇ ಚಿಕ್ಕದಾಗಿರಲಿ, ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕರೆಸಂಜ್ಞೆಯನ್ನು ಪಡೆಯದೆ ಅದನ್ನು ನಡೆಸಲಾಗದು. ಹನ್ನೆರಡು ವರ್ಷ ತುಂಬಿದವರು ಪರೀಕ್ಷೆಗೆ ಕೂಡಬಹುದು. ಅಣ್ಣನಿಗೆ ಹನ್ನೆರಡಾದಾಗ ಬೆಸುಗೆಯ ಕಡ್ಡಿಯನ್ನು ಕೊಡಿಸುವ ತಂದೆತಾಯಿಗಳು ತಂಗಿಗೆ ಹನ್ನೆರಡಾದಾಗ 'ಕೈ ಸುಟ್ಟುಕೊಂಡಾಳು' ಎನ್ನುತ್ತಾರೆ. ಒಲೆಯ ಮುಂದೆ ಅವಳನ್ನು ನಿಲ್ಲಿಸುವಾಗ ಆ ಭಯವು ಬಾರದಿರುವುದೇಕೋ ನಾನರಿಯೆ. 2004ರ ಡಿಸೆಂಬರಿನಲ್ಲಿ ದಿಲ್ಲಿಯ ಭಾರತಿ ಪ್ರಸಾದರು ಹವ್ಯಾಸಿ ತಂಡವೊಂದನ್ನು ಅಂಡಮಾನಿಗೆ ಕರೆದೊಯ್ದಿದ್ದರು. 26ರಂದು ಸುನಾಮಿಯು ಬಡಿದಾಗ ಅವರು ಪೋರ್ಟ್‌ಬ್ಲೇರಿನಲ್ಲಿದ್ದು, ಸಂಪರ್ಕ ಕಳೆದುಕೊಂಡ ದ್ವೀಪದ ಜನರ ಸುದ್ದಿಯನ್ನು ಹೊರನಾಡಿಗೆ ಮುಟ್ಟಿಸಿದರು. ಅವರ ಯಂತ್ರವು ಪಿಕ್ಸಿಯಂಥ ಆಟಿಕೆಯಲ್ಲವೆಂಬುದು ನಿಜ. ಆದರೂ ಮೋರ್ಸ್ ಅಕ್ಷರಮಾಲೆಯಿಂದ ಆರಂಭವಾಗುವ ದಾರಿಯೇ ಅಲ್ಲಿಯವರೆಗೂ ಹೋಗುತ್ತದೆ.

ಪಿಕ್ಸಿಯ ಕುಂದುಗಳನ್ನು ಮುಚ್ಚಿಡಲಾರೆ. ಸಂಜೆಯಾಯಿತೆಂದರೆ ಪರದೇಶದ ಬಲವಾದ ಪ್ರಸಾರ ಕೇಂದ್ರಗಳು ಕರೆಯದೆಯೇ ಒಳಗೆ ನುಗ್ಗುತ್ತವೆ. ಸ್ಫಟಿಕವು ಒಂದೇ ಆದುದರಿಂದ ಬೇರೊಂದು ಕಂಪನಕ್ಕೆ ಸರಿಯುವ ಹಾಗಿಲ್ಲ. ಇವು ಸಾಕೆನಿಸಿದವರಿಗೆ ಹೈದರಾಬಾದಿನ ಅಶ್ಹರ್ ಫರ್ಹಾನರು 2003ರಲ್ಲಿ ರಚಿಸಿದ 'ಬಿಟ್‌ಎಕ್ಸ್' ಉಂಟು. ಅದರಲ್ಲಿ ಧ್ವನಿಯನ್ನೇ ಕಳುಹಿಸಬಹುದು. ನೀರಿನ ನಲ್ಲಿಯ ವಾಷರಿನ ಮೇಲೆ ಸುರುಳಿಯನ್ನು ಸುತ್ತುವ ಅವರ ಉಪಾಯವು ಬಡ ವಿದ್ಯಾರ್ಥಿನಿಗೆ ಬಹಳ ಉಪಕಾರಿ.

ಪರವಾನಗಿ ಪಡೆದ ಇಬ್ಬರು ಗೆಳತಿಯರು ಬೇರೆ ಬೇರೆ ಊರುಗಳಲ್ಲಿದ್ದು ಪಿಕ್ಸಿಯನ್ನು ಕಟ್ಟಿಕೊಂಡರೆ, ಹಗಲಿನಲ್ಲಿ ಗೊತ್ತಾದ ಒಂದು ಹೊತ್ತಿಗೆ ಪರಸ್ಪರ ಕರೆದು ನೋಡಲಿ. ಇಬ್ಬರ ಸ್ಫಟಿಕಗಳೂ ಕೂದಲೆಳೆಯಷ್ಟೂ ಭೇದವಿಲ್ಲದೆ ಒಂದೇ ಸಮನಾಗಿ ಕಂಪಿಸಿದರೆ ವ್ಯತ್ಯಾಸವು ಸೊನ್ನೆಯಾಗಿ ಕಿವಿಗೆ ಏನೂ ಕೇಳಿಸದು. ಆಗ ಯಂತ್ರವು ಕೆಟ್ಟಿತೆಂದು ಗಾಬರಿಯಾಗದೆ, ಕೇಳುವ ಕಂಪನವನ್ನು ಕೊಂಚ ಸರಿಸುವುದಕ್ಕಾಗಿ ಹಲಗೆಯ ಮೇಲಿರುವ ಚಿಕ್ಕ ತಿರುಪನ್ನು ಒಬ್ಬಳು ಸ್ವಲ್ಪ ಸ್ವಲ್ಪವಾಗಿ ತಿರುಗಿಸುತ್ತ, 600 ಹರ್ಟ್ಸಿನ ಆ ಸಣ್ಣ ಸ್ವರವು ಏಳುವವರೆಗೆ ಕಿವಿಗೊಟ್ಟಿರಲಿ.