ಮಿಸ್ ಹೊಡೆಯುವ ಎಂಜಿನ್: ಪಾರ್ಟ್‌ಗೆ ಮೊದಲು ಪರೀಕ್ಷೆಗೆ ದುಡ್ಡು

ಪೆಟ್ರೋಲ್ ಎಂಜಿನ್ ಮಿಸ್ ಹೊಡೆಯುತ್ತಿದೆ ಎಂದರೆ ಅದರ ಸಿಲಿಂಡರ್‌ಗಳಲ್ಲಿ ಒಂದಾದರೂ ತನ್ನ ಸರದಿ ಬಂದಾಗ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಉರಿಯಲು ಬೇಕಾದದ್ದು ಕಿಡಿ, ಪೆಟ್ರೋಲು, ಗಾಳಿ ಮತ್ತು ಕಂಪ್ರೆಶನ್. ಕಿಡಿಯ ಅಥವಾ ಪೆಟ್ರೋಲಿನ ದೋಷ ಸಾಮಾನ್ಯವಾಗಿ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಗಾಳಿಯದು ಎಷ್ಟೋ ಸಲ ಒಂದು ರಬ್ಬರ್ ಪೈಪಿನ ಬೆಲೆ. ಕಂಪ್ರೆಶನ್ ಬಿದ್ದಿದ್ದರೆ ಮಾತ್ರ ಹೆಡ್ ಇಳಿಸಬೇಕು. ಹೊರಗೆ ಕಾಣುವ ಲಕ್ಷಣ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ: ನಡುಕ, ಪಿಕಪ್ ಇಲ್ಲದಿರುವುದು, ಮೀಟರ್ ಬೋರ್ಡಿನಲ್ಲಿ ಹಳದಿ ದೀಪ. ಹೊಸದಾಗಿ ಕೊಂಡ ಹಳೆಯ ಕಾರಿನಲ್ಲಿ ಇದು ಕಾಣಿಸಿಕೊಂಡಾಗ ಯಾವುದನ್ನು ಮೊದಲು ನೋಡುತ್ತಾರೆ ಎಂಬುದರ ಮೇಲೆ ಬಿಲ್ಲಿನ ಗಾತ್ರ ನಿಂತಿರುತ್ತದೆ.

ಅಂಕಣಕಾರರ ಮನೆಗೆ 3.6 ಲಕ್ಷ ರೂಪಾಯಿಗೆ ಬಂದ, ಎಂಟು ವರ್ಷ ಓಡಿದ 1.2 ಲೀಟರ್ ಹ್ಯಾಚ್‌ಬ್ಯಾಕ್ ಇಲ್ಲಿ ಉದಾಹರಣೆ. ಬೆಳಿಗ್ಗೆ ತಣ್ಣಗಿದ್ದಾಗ ಅದರದ್ದೇನೂ ತಕರಾರಿರಲಿಲ್ಲ. ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಸ್ಟಿಯರಿಂಗ್ ನಡುಗುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ನಡುಕ ಮಾಯ. ಗ್ಯಾರೇಜಿನವರು ಬಾನೆಟ್ ಎತ್ತಿದ ಹೊತ್ತಿಗೇ ತೀರ್ಪು ಕೊಟ್ಟರು: ಪ್ಲಗ್, ಕಾಯಿಲ್ ಎಲ್ಲ ಬದಲಿಸಿ, ಜೊತೆಗೆ ಎಂಜಿನ್ ಡೀಕಾರ್ಬನ್ ಮಾಡಿಸಿ. ನಾಲ್ಕು ಪ್ಲಗ್‌ಗೆ 1,200, ನಾಲ್ಕು ಕಾಯಿಲ್‌ಗೆ 8,800, ಕೂಲಿ 1,500, ಡೀಕಾರ್ಬನ್‌ಗೆ 6,500. ಒಟ್ಟು 18,000 ರೂಪಾಯಿ. ಮಿಸ್ಸಿಂಗ್ ಮಾತ್ರ ಹಾಗೆಯೇ ಇತ್ತು. ಬೇರೊಂದು ಕಡೆ 800 ರೂಪಾಯಿಗೆ ಕಂಪ್ರೆಶನ್ ಅಳೆಸಿದಾಗ ಮೂರು ಸಿಲಿಂಡರ್‌ಗಳು 170 ಪಿಎಸ್‌ಐ ಆಸುಪಾಸು ತೋರಿಸಿದವು, 3ನೇ ನಂಬರಿನ ಸಿಲಿಂಡರ್ ಮಾತ್ರ 105. ಅದರ ಎಕ್ಸಾಸ್ಟ್ ವಾಲ್ವ್ ಸುಟ್ಟಿತ್ತು. ಹೆಡ್ ಕೆಲಸಕ್ಕೆ 24,000. ಈ ಎರಡನೆಯ ಖರ್ಚು ಹೇಗಿದ್ದರೂ ತಪ್ಪುತ್ತಿರಲಿಲ್ಲ. ದಂಡವಾದದ್ದು ಮೊದಲಿನ ಹದಿನೆಂಟು ಸಾವಿರ.

ಪತ್ತೆಯ ಕೆಲಸ ಸ್ಕ್ಯಾನರ್‌ನಿಂದ ಆರಂಭವಾಗಬೇಕು. ಸ್ಟಿಯರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ ಸಿಕ್ಕಿಸುವ ಬ್ಲೂಟೂತ್ ಸ್ಕ್ಯಾನರ್ ಸಾವಿರ ರೂಪಾಯಿಗೆ ಸಿಗುತ್ತದೆ, ಉಳಿದದ್ದನ್ನು ಮೊಬೈಲ್ ಆ್ಯಪ್ ನೋಡಿಕೊಳ್ಳುತ್ತದೆ. ಪಿ0301ರಿಂದ ಪಿ0304ರವರೆಗಿನ ಕೋಡ್‌ನ ಕೊನೆಯ ಅಂಕಿ ಸಿಲಿಂಡರ್ ಸಂಖ್ಯೆ. ಪಿ0300 ಬಂದರೆ ಮಿಸ್ಸಿಂಗ್ ಒಂದೇ ಸಿಲಿಂಡರ್‌ನದ್ದಲ್ಲ. ಆಗ ಎಲ್ಲಕ್ಕೂ ಸೇರಿದ ಗಾಳಿ, ಪೆಟ್ರೋಲ್ ಒತ್ತಡ ಮುಂತಾದವನ್ನು ನೋಡಬೇಕು. ದೀಪ ಸುಮ್ಮನೆ ಉರಿಯುತ್ತಿದ್ದರೆ ಗ್ಯಾರೇಜಿನವರೆಗೆ ಮೆಲ್ಲಗೆ ಓಡಿಸಬಹುದು. ಮಿಣುಕುತ್ತಿದ್ದರೆ ಕಾರು ನಿಲ್ಲಿಸುವುದೇ ಸರಿ. ಉರಿಯದ ಪೆಟ್ರೋಲು ಸೈಲೆನ್ಸರ್ ಕಡೆಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್‌ನೊಳಗೆ ಉರಿಯುತ್ತದೆ, ಅದರ ಒಳಗಿನ ಜಾಲರಿ ಕರಗುತ್ತದೆ. ಎರಡು ಸಾವಿರದ ಕಾಯಿಲ್ ಉಳಿಸಲು ಹೋಗಿ ಹತ್ತಾರು ಸಾವಿರದ ಕನ್ವರ್ಟರ್ ಕಳೆದುಕೊಳ್ಳುವ ದಾರಿ ಇದು.

ಸಿಲಿಂಡರ್ ಯಾವುದೆಂದು ತಿಳಿದ ಮೇಲೆ ಅದಲುಬದಲು. ಮೂರನೆಯದರ ಕಾಯಿಲ್ ಒಂದಕ್ಕೆ, ಒಂದರದ್ದು ಮೂರಕ್ಕೆ. ಕೋಡ್ ಅಳಿಸಿ ಓಡಿಸಬೇಕು. ಪಿ0303 ಹೋಗಿ ಪಿ0301 ಬಂದರೆ ಕಾಯಿಲೇ ಕಳ್ಳ. ಕೋಡ್ ಅಲ್ಲೇ ಉಳಿದರೆ ಪ್ಲಗ್‌ಗಳನ್ನು ಹೀಗೇ ಬದಲಿಸಿ ನೋಡುವುದು, ಆಮೇಲೆ ಇಂಜೆಕ್ಟರ್‌ಗಳನ್ನು. ದೋಷ ಪಾರ್ಟ್‌ನ ಜೊತೆ ಜಾಗ ಬದಲಿಸಿದ ಮೇಲಷ್ಟೇ ಹೊಸ ಪಾರ್ಟ್ ಕೊಳ್ಳಬೇಕು. ಪ್ಲಗ್ ಬಿಚ್ಚಿದಾಗ ಅದರ ತುದಿಯನ್ನು ನೋಡದೆ ಇಡಬಾರದು. ಬೂದು ಮಿಶ್ರಿತ ಕಂದು ಆರೋಗ್ಯದ ಬಣ್ಣ, ಒಣ ಕಪ್ಪು ಮಸಿ ಪೆಟ್ರೋಲು ಹೆಚ್ಚಾದದ್ದರ ಗುರುತು, ಎಣ್ಣೆಯ ಜಿಡ್ಡು ಇನ್ನೂ ದೊಡ್ಡ ಖರ್ಚಿನ ಮುನ್ಸೂಚನೆ.

ಯಾವಾಗ ಮಿಸ್ ಆಗುತ್ತದೆ ಎಂಬುದನ್ನು ಗಮನಿಸಲು ಖರ್ಚೇ ಇಲ್ಲ, ಅದನ್ನೇ ಜನ ಮಾಡುವುದಿಲ್ಲ. ಏರು ಹತ್ತುವಾಗ, ಭಾರ ಬಿದ್ದಾಗ ಜರ್ಕ್ ಹೊಡೆದರೆ ಅನುಮಾನ ಕಿಡಿಯ ಮೇಲೆ. ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಐಡ್ಲಿಂಗ್‌ನಲ್ಲಿ ನಡುಗಿ, ವೇಗದಲ್ಲಿ ಸರಿಹೋದರೆ ಎಲ್ಲೋ ಪೈಪು ಬಿರಿದು ಗಾಳಿ ಎಳೆಯುತ್ತಿರಬಹುದು. ವ್ಯಾಪಾರಿಯ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಕಾರಾದರೆ ಟ್ಯಾಂಕಿನ ಪೆಟ್ರೋಲನ್ನೂ ಶಂಕಿಸಬೇಕು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಐದನೇ ಒಂದು ಪಾಲು ಎಥನಾಲ್; ಎಥನಾಲ್ ನೀರನ್ನು ಹೀರುತ್ತದೆ. ಬಿಸಿಯಾದ ಮೇಲೆ, ಅದೂ ಐಡ್ಲಿಂಗ್‌ನಲ್ಲಿ ಮಾತ್ರ ನಡುಗುವ ಕಾರಿನಲ್ಲಿ ಟ್ಯಾಪೆಟ್ ಬಿಗಿಯಾಗಿರುವ ಸಾಧ್ಯತೆಯನ್ನು ಮರೆಯಬಾರದು. ಬಿಸಿಗೆ ವಾಲ್ವ್ ಹಿಗ್ಗುತ್ತದೆ, ಸಂದು ಉಳಿಯುವುದಿಲ್ಲ, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಸಿಎನ್‌ಜಿಯಲ್ಲಿ ಓಡಿದ ಎಂಜಿನ್‌ಗಳಲ್ಲಿ ವಾಲ್ವ್ ಸೀಟ್ ಬೇಗ ಸವೆಯುವುದರಿಂದ ಈ ತೊಂದರೆ ಹೆಚ್ಚು. ಬೇಗ ಗೊತ್ತಾದರೆ ಟ್ಯಾಪೆಟ್ ಸೆಟ್ಟಿಂಗ್‌ನಲ್ಲೇ ಮುಗಿಯುತ್ತದೆ, ತಡವಾದರೆ ವಾಲ್ವ್ ಸುಡುತ್ತದೆ.

ಕೊನೆಯದು ಕಂಪ್ರೆಶನ್ ಪರೀಕ್ಷೆ. ಅಂಕಿ ಎಷ್ಟು ಎನ್ನುವುದಕ್ಕಿಂತ ಸಿಲಿಂಡರ್‌ಗಳ ನಡುವಿನ ಅಂತರ ಮುಖ್ಯ. ಶೇ 15 ದಾಟಿದರೆ ಕಳವಳ ಪಡಬೇಕು. ಮೇಲಿನ ಕಾರಿನಲ್ಲಿ ಅದು ಶೇ 38. ಕಡಿಮೆ ಇರುವ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಆ ಕಾರಿನಲ್ಲಿ ಏರಲಿಲ್ಲ.

ಇನ್ನು ಲೆಕ್ಕ. ಗ್ಯಾರೇಜಿನ ಪರವಾಗಿ ಉದಾರವಾಗಿಯೇ ಊಹಿಸೋಣ: ಮಿಸ್ ಹೊಡೆಯುವ ನಾಲ್ಕು ಕಾರುಗಳಲ್ಲಿ ಮೂರರದ್ದು ಪ್ಲಗ್ ಅಥವಾ ಕಾಯಿಲ್ ದೋಷ, ಒಂದರದ್ದು ಮಾತ್ರ ಒಳಗಿನದು. ಡೀಕಾರ್ಬನ್ ಬಿಟ್ಟು, ನಾಲ್ಕರಲ್ಲೂ ಕಣ್ಣುಮುಚ್ಚಿ ಪಾರ್ಟ್ ಬದಲಿಸಿದರೆ ತಲಾ 11,500ರಂತೆ 46,000. ವಾಸಿಯಾಗದ ನಾಲ್ಕನೆಯದಕ್ಕೆ ಆಮೇಲಾದರೂ ಪರೀಕ್ಷೆ ಬೇಕು: ಸ್ಕ್ಯಾನರ್ 1,000, ಅದಲುಬದಲಿನ ಕೂಲಿ 300, ಕಂಪ್ರೆಶನ್ 800, ಸೇರಿ 2,100. ಮೊತ್ತ 48,100. ಮೊದಲೇ ಪರೀಕ್ಷಿಸುವ ದಾರಿಯಲ್ಲಿ ನಾಲ್ಕಕ್ಕೂ 2,100ರಂತೆ 8,400. ಮೂರು ಕಾರುಗಳಿಗೆ ತಲಾ ಒಂದು ಕಾಯಿಲ್ ಮತ್ತು ಒಂದು ಸೆಟ್ ಪ್ಲಗ್, ಅಂದರೆ 3,400ರಂತೆ 10,200. ಮೊತ್ತ 18,600. ಕಾರೊಂದಕ್ಕೆ 12,025ರ ಎದುರು 4,650. ನಾಲ್ಕನೆಯ ಕಾರಿನ ಹೆಡ್ ಖರ್ಚು ಎರಡೂ ಕಡೆ ಒಂದೇ ಆದ್ದರಿಂದ ಸೇರಿಸಿಲ್ಲ. ‘ಒಂದು ಹೋಯಿತೆಂದರೆ ಉಳಿದ ಕಾಯಿಲ್‌ಗಳೂ ಇಂದೋ ನಾಳೆಯೋ ಹೋಗುತ್ತವೆ’ ಎಂಬ ವಾದವಿದೆ. ಆ ಮೂರೂ ಕಾರುಗಳಲ್ಲಿ ಉಳಿದ ಮೂರು ಕಾಯಿಲ್‌ಗಳು ನಿಜವಾಗಿಯೂ ಹೋದವೆಂದೇ ಇಟ್ಟುಕೊಂಡರೂ ಸೇರುವುದು 19,800. ಆಗಲೂ ಮೊತ್ತ 38,400, ಅದೂ ಒಮ್ಮೆಲೇ ಅಲ್ಲ.

ಡೀಕಾರ್ಬನ್ ಪ್ಯಾಕೇಜ್ ಈ ಲೆಕ್ಕಕ್ಕೆ ಸೇರುವ ಯೋಗ್ಯತೆಯನ್ನೇ ಪಡೆದಿಲ್ಲ. ಇಂಗಾಲ ಕಟ್ಟಿದೆ ಎಂದು ಕ್ಯಾಮೆರಾ ಇಳಿಸಿ ತೋರಿಸಿದರೆ ಶುಚಿ ಮಾಡಿಸುವುದರಲ್ಲಿ ಅರ್ಥವಿದೆ. ತೋರಿಸದೆ, ಯಾವ ಸಿಲಿಂಡರ್ ಎಂದೂ ಕೇಳದೆ ಎಲ್ಲ ರೋಗಕ್ಕೂ ಅದನ್ನೇ ಹಚ್ಚುವುದು ವ್ಯಾಪಾರ. ಸುಟ್ಟ ವಾಲ್ವ್, ಸತ್ತ ಕಾಯಿಲ್, ಬಿರಿದ ಪೈಪು ಯಾವುದೂ ಅದರಿಂದ ಸರಿಹೋಗುವುದಿಲ್ಲ. ಟ್ಯಾಂಕಿಗೆ ಸುರಿಯುವ ಬಾಟಲಿಗಳದ್ದೂ ಇದೇ ಕತೆ. ಮಾರುವವರು ಕೊಡುವ ವಾರಂಟಿಯಲ್ಲಿ ಪ್ಲಗ್‌ನಂಥ ಸವೆಯುವ ಭಾಗಗಳನ್ನು ಹೊರಗಿಡುವುದು ಸಾಮಾನ್ಯ. ಕಾಯಿಲ್ ಮತ್ತು ವಾಲ್ವ್ ಯಾವ ಪಟ್ಟಿಯಲ್ಲಿವೆ ಎಂದು ಸಹಿಗೆ ಮುಂಚೆ ಓದಬೇಕು. ಪೆಟ್ರೋಲ್ ಹಾಕಿಸಿದ ಲೀಟರ್, ಓಡಿದ ಕಿಲೋಮೀಟರ್ ಬರೆದಿಡುವ ಅಭ್ಯಾಸವಿರುವವರಿಗೆ ದೀಪ ಹೊತ್ತುವ ಮೊದಲೇ ಮೈಲೇಜ್ ಇಳಿದದ್ದು ತಿಳಿಯುತ್ತದೆ. ಬದಲಿಸಿದ ಹಳೆಯ ಪಾರ್ಟ್ ವಾಪಸು ಕೇಳುವುದಕ್ಕೆ ಸಂಕೋಚಪಡುವವರು, ಅದನ್ನು ನಿಜವಾಗಿ ಬದಲಿಸಿದ್ದಾರೆಯೇ ಎಂದು ಕೇಳುವ ಹಕ್ಕನ್ನೂ ಬಿಟ್ಟುಕೊಟ್ಟಂತೆ.

ಇಷ್ಟರಲ್ಲಿ ಬಹುಪಾಲನ್ನು ಅಡ್ವಾನ್ಸ್ ಕೊಡುವ ಮೊದಲೇ ನೋಡಬಹುದು. ಕಾರನ್ನು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಎಸಿ ಹಾಕಿ ಐಡ್ಲಿಂಗ್‌ನಲ್ಲಿ ನಿಲ್ಲಿಸಬೇಕು. ಸ್ಕ್ಯಾನರ್‌ನಲ್ಲಿ ಕೋಡ್ ಇಲ್ಲ ಎಂದು ಸಮಾಧಾನಪಡುವಂತಿಲ್ಲ, ಮಾರುವ ಮುನ್ನ ಅಳಿಸಿರಬಹುದು. ಆ್ಯಪ್‌ನ ರೆಡಿನೆಸ್ ಪುಟದಲ್ಲಿ ಹಲವು ಪರೀಕ್ಷೆಗಳು ‘ಅಪೂರ್ಣ’ ಎಂದಿದ್ದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಬಿಚ್ಚಿದ್ದಾರೆ. ಇಂಟೇಕ್ ಮ್ಯಾನಿಫೋಲ್ಡ್‌ನಲ್ಲಿ ಬೋಲ್ಟ್ ಹಾಕಿ ಮುಚ್ಚಿದ ತೂತುಗಳು, ಡಿಕ್ಕಿಯ ತಳದಲ್ಲಿ ಸಿಲಿಂಡರ್ ಕೂರಿಸಿದ ಗುರುತು ಇದ್ದರೆ ಅಲ್ಲೊಂದು ಗ್ಯಾಸ್ ಕಿಟ್ ಇತ್ತೆಂದು ಹೇಳಲು ಮೆಕ್ಯಾನಿಕ್ ಬೇಕಿಲ್ಲ. ಆರ್‌ಸಿಯಲ್ಲಿ ಇಂಧನದ ಕಾಲಂ ಏನು ಹೇಳುತ್ತದೆ ಎಂದು ಆಗಲೇ ನೋಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಇಂಥ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು. ಕಿಟ್ ಹೋಗಿಯೂ ದಾಖಲೆಯಲ್ಲಿ ಸಿಎನ್‌ಜಿ ಉಳಿದಿದ್ದರೆ ಆರ್‌ಟಿಒದಲ್ಲಿ ತಿದ್ದಿಸುವ ಕೆಲಸ ಮಾರುವವರದ್ದು, ಅದು ಮುಗಿಯುವವರೆಗೆ ಬಾಕಿ ಹಣ ಕೊಳ್ಳುವವರ ಬಳಿಯೇ ಇರಬೇಕು. ಅಂಥ ಕಾರನ್ನು ಕೊಂಡೇ ತೀರುವುದಾದರೆ 800 ರೂಪಾಯಿಯ ಕಂಪ್ರೆಶನ್ ಪರೀಕ್ಷೆ ಮಾಡಿಸಿ, ಅಂತರ ಕಂಡರೆ ಹೆಡ್ ಕೆಲಸದ 24,000 ರೂಪಾಯಿಯನ್ನು ಬೆಲೆಯಿಂದ ಕಳೆದೇ ಮಾತಿಗೆ ಕೂರಬೇಕು. 3.6 ಲಕ್ಷದ ಕಾರಿಗೆ 3.36 ಲಕ್ಷ.