ಸಾಲದ ಹೊರೆಯೂ ಕಾಯಿದೆಯ ಆಸರೆಯೂ

ಆರೋಗ್ಯ ಲೇಖನಗಳ ನಡುವೆ ಸಾಲದ ಕಾಯಿದೆಯನ್ನು ಕುರಿತ ಬರಹವನ್ನು ಕಂಡು ಕೆಲವು ವಾಚಕರು ಹುಬ್ಬೇರಿಸಬಹುದು. ಆದರೆ ನಿದ್ರಾಹೀನತೆ, ರಕ್ತದೊತ್ತಡ, ಎದೆಯುರಿಗಳೆಂದು ವೈದ್ಯರ ಬಾಗಿಲು ತಟ್ಟುವ ಎಷ್ಟೋ ಮಂದಿಯ ಒಳಗನ್ನು ಕೊರೆಯುತ್ತಿರುವುದು ತೀರದ ಸಾಲ. ದೊಡ್ಡ ಕಾಯಿಲೆಯೊಂದು ಮನೆಗೆ ಬಂದು ಸಾಲವನ್ನು ಹೊತ್ತು ತರುವುದೂ ಅಷ್ಟೇ ಸಾಮಾನ್ಯ. ಊರಿನಲ್ಲಿ ತಂಗಿಯ ಮದುವೆ, ಇಲ್ಲಿ ಕೋಣೆಯ ಠೇವಣಿ, ನಡುವೆ ತಂದೆಯ ಶಸ್ತ್ರಚಿಕಿತ್ಸೆ ಎಂದು ಬೆಳೆಯುತ್ತ ಹೋಗುವ ಋಣದ ಕತೆ ಮುಂಬಯಿಯ ಕನ್ನಡಿಗರಿಗೆ ಹೊಸತಲ್ಲ. ಅಂಥವರಿಗೆ ಕಾಯಿದೆ ಏನನ್ನು ಕೊಡುತ್ತದೆ, ಯಾರಿಗೆ ಕೊಡುತ್ತದೆ, ಯಾವುದನ್ನು ಕೊಡುವುದಿಲ್ಲ ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಎಲ್ಲಕ್ಕೂ ಮೊದಲು ಸೆರೆಮನೆಯ ಭಯ. ಸಾಲ ತೀರಿಸಲಾಗದವನನ್ನು ಪೊಲೀಸರು ಹಿಡಿದೊಯ್ಯುತ್ತಾರೆಂಬ ಬೆದರಿಕೆಯನ್ನು ವಸೂಲಿಯವರು ಧಾರಾಳವಾಗಿ ಬಳಸುತ್ತಾರೆ. ವಾಸ್ತವದಲ್ಲಿ ಸಾಲ ಸಿವಿಲ್ ವ್ಯವಹಾರ. ಡಿಕ್ರಿಯಾದ ಬಳಿಕವೂ, ಕೊಡುವ ಶಕ್ತಿಯಿದ್ದು ದುರುದ್ದೇಶದಿಂದ ಕೊಡದವನನ್ನು, ಆಸ್ತಿಯನ್ನು ಮರೆಮಾಚಿದವನನ್ನು ಅಥವಾ ಓಡಿಹೋಗಲಿರುವವನನ್ನು ಮಾತ್ರ ಸಿವಿಲ್ ಬಂಧನಕ್ಕೆ ಒಳಪಡಿಸಬಹುದು. ಬರಿಯ ಬಡತನಕ್ಕಾಗಿ ಮನುಷ್ಯನನ್ನು ಸೆರೆಯಲ್ಲಿಡಲಾಗದೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ 1980ರಲ್ಲಿ, ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿತು. ಹಣದ ಡಿಕ್ರಿಗಾಗಿ ಸ್ತ್ರೀಯರನ್ನಂತೂ ಬಂಧಿಸುವಂತೆಯೇ ಇಲ್ಲ. ಚೆಕ್ಕು ಬರೆದುಕೊಟ್ಟು ಅದು ಹಿಂದಿರುಗಿದ್ದರೆ ಮಾತ್ರ ಸಂಗತಿ ಬೇರೆ. ಅದು ಕ್ರಿಮಿನಲ್ ಪ್ರಕರಣ. ಎರಡು ವರ್ಷಗಳವರೆಗೆ ಸಜೆಯೂ ಆಗಬಹುದು. ಆದುದರಿಂದ ಸಾಲಗಾರನ ಒತ್ತಾಯಕ್ಕೆ ಮಣಿದು ಖಾಲಿ ಚೆಕ್ಕುಗಳಿಗೆ ಸಹಿ ಹಾಕಿಕೊಡುವುದು, ಸಿವಿಲ್ ಸಾಲವನ್ನು ತಾನಾಗಿ ಕ್ರಿಮಿನಲ್ ಮೊಕದ್ದಮೆಯ ಅಂಚಿಗೆ ಒಯ್ದಂತೆ.

ಸಂಬಳದ ಜಪ್ತಿಗೂ ಮಿತಿಯುಂಟು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ ತಿಂಗಳ ಸಂಬಳದ ಮೊದಲ 1,000 ರೂಪಾಯಿ ಹಾಗೂ ಉಳಿದುದರ ಮೂರರಲ್ಲಿ ಎರಡು ಪಾಲನ್ನು ಸಾಮಾನ್ಯ ಸಾಲಕ್ಕಾಗಿ ಮುಟ್ಟಲಾಗದು. 25,000 ರೂಪಾಯಿ ಸಂಬಳವಾದರೆ ಜಪ್ತಿಗೆ ಸಿಕ್ಕುವುದು 8,000 ಮಾತ್ರ. ಒಂದೇ ಡಿಕ್ರಿಗಾಗಿ ಒಟ್ಟು 24 ತಿಂಗಳು ಜಪ್ತಿಯಾದ ಮೇಲೆ ಅದೂ ನಿಲ್ಲಬೇಕು. ಭವಿಷ್ಯನಿಧಿಯ ಹಣ, ಜೀವವಿಮೆಯ ಹಣ, ಕುಶಲಕರ್ಮಿಯ ಉಪಕರಣಗಳು, ಅಡಿಗೆಯ ಪಾತ್ರೆ, ಹಾಸಿಗೆ ಇವೂ ಜಪ್ತಿಗೆ ಹೊರತು.

ಇನ್ನು ಸಾಲದಿಂದಲೇ ಬಿಡುಗಡೆ ಹೊಂದುವ ಮಾರ್ಗ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2009ರಿಂದ ಸಣ್ಣ ಸಾಲಿಗರಿಗಾಗಿ ‘ಋಣ ಪರಿಹಾರ ಆದೇಶ’ವೆಂಬ ವ್ಯವಸ್ಥೆಯಿದೆ. ಆಸ್ತಿಯಿಲ್ಲದ, ಅಲ್ಪ ಆದಾಯದ ವ್ಯಕ್ತಿ ಕೋರ್ಟಿಗೆ ಅಲೆಯದೆ ಅರ್ಜಿ ಸಲ್ಲಿಸಿ, 12 ತಿಂಗಳ ಬಳಿಕ ಋಣಮುಕ್ತನಾಗುತ್ತಾನೆ. ನಮ್ಮ ದೇಶದ 2016ರ ದಿವಾಳಿತನ ಸಂಹಿತೆಯಲ್ಲಿಯೂ ಇದನ್ನು ಹೋಲುವ ‘ಹೊಸ ಆರಂಭ’ ಎಂಬ ಪ್ರಕ್ರಿಯೆಯನ್ನು ಬರೆಯಲಾಗಿದೆ. ವಾರ್ಷಿಕ ಆದಾಯ 60,000 ರೂಪಾಯಿ ಮೀರಿರಬಾರದು. ಆಸ್ತಿಯ ಒಟ್ಟು ಬೆಲೆ 20,000 ಮೀರಿರಬಾರದು. ಅರ್ಹ ಸಾಲ 35,000 ಮೀರಿರಬಾರದು. ಸ್ವಂತ ಮನೆ, ಅಡವಿಟ್ಟದ್ದೇ ಆಗಲಿ, ಇರಲೇಬಾರದು. ಅರ್ಜಿ ಅಂಗೀಕಾರವಾದರೆ 180 ದಿನಗಳ ಕಾಲ ಸಾಲಕೊಟ್ಟವರು ವಸೂಲಿಗೆ ಕೈಹಾಕುವಂತಿಲ್ಲ, ಅನಂತರ ಋಣವಿಮೋಚನೆ. ಮುಂಬಯಿಯಲ್ಲಿ ತಿಂಗಳಿಗೆ 5,000 ರೂಪಾಯಿಯಲ್ಲಿ ಬದುಕುವ ಸಂಸಾರ ಎಲ್ಲಿದೆಯೋ ಕಾಯಿದೆ ಬರೆದವರೇ ಬಲ್ಲರು! ಅದಿರಲಿ, ಈ ಭಾಗವನ್ನು ಸಾಮಾನ್ಯ ವ್ಯಕ್ತಿಗಳ ಮಟ್ಟಿಗೆ ಜಾರಿಗೆ ತಂದೇ ಇಲ್ಲ. ‘ಹೊಸ ಕಾಯಿದೆಯಲ್ಲಿ ಸಾಲ ಮನ್ನಾ ಮಾಡಿಸಿಕೊಡುತ್ತೇವೆ’ ಎಂದು ಯಾರಾದರೂ ಮುಂಗಡ ಶುಲ್ಕ ಕೇಳಿದರೆ ವಾಚಕರು ಈ ಒಂದು ಸಂಗತಿಯನ್ನು ನೆನಪಿನಲ್ಲಿಡತಕ್ಕದ್ದು.

ಹಾಗಾದರೆ ಜಾರಿಯಲ್ಲಿರುವುದು ಯಾವುದು? ಮುಂಬಯಿ, ಕೋಲ್ಕತ್ತ, ಚೆನ್ನೈ ಈ ಮೂರು ನಗರಗಳಿಗಾಗಿ ಬ್ರಿಟಿಷರು 1909ರಲ್ಲಿ ಮಾಡಿದ ಪ್ರೆಸಿಡೆನ್ಸಿ ಪಟ್ಟಣಗಳ ದಿವಾಳಿ ಕಾಯಿದೆ. ನಮ್ಮ ಹಿರಿಯರು ‘ಪಾಪರ್ ಚೀಟಿ’ ಎನ್ನುತ್ತಿದ್ದುದು ಇಂಥ ವ್ಯವಹಾರವನ್ನೇ. ಇದರಂತೆ ಅರ್ಜಿ ಸಲ್ಲಿಸಬೇಕಾದುದು ಬಾಂಬೆ ಹೈಕೋರ್ಟಿಗೆ. ಅರ್ಹತೆ ಸರಳವಾಗಿದೆ: ಸಾಲ ತೀರಿಸಲು ಅಸಮರ್ಥನಾಗಿರಬೇಕು, ಜೊತೆಗೆ ಸಾಲ 500 ರೂಪಾಯಿಯಷ್ಟಾದರೂ ಇರಬೇಕು, ಇಲ್ಲವೇ ಹಣದ ಡಿಕ್ರಿಗಾಗಿ ಬಂಧನವೋ ಆಸ್ತಿಜಪ್ತಿಯೋ ಆಗಿರಬೇಕು. 1909ರ 500 ರೂಪಾಯಿ ಇಂದಿಗೂ ಹಾಗೆಯೇ ಉಳಿದಿರುವುದರಿಂದ ಈ ಮೆಟ್ಟಿಲನ್ನು ಹತ್ತದ ಸಾಲಿಗನಿಲ್ಲ.

ತೊಡಕಿರುವುದು ವಾಸಸ್ಥಳದಲ್ಲಿ. ಕೊಲಾಬಾದಿಂದ ದಹಿಸರ್, ಮುಲುಂಡ್‌ವರೆಗಿನ ಬೃಹನ್ಮುಂಬಯಿಯೇ ಹೈಕೋರ್ಟಿನ ಈ ಅಧಿಕಾರದ ಎಲ್ಲೆ. ಮುಲುಂಡ್ ನಾಕಾ ದಾಟಿದರೆ ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿ, ಮೀರಾ ರೋಡ್. ಇಲ್ಲಿಯವರಿಗೆ 1920ರ ಪ್ರಾಂತೀಯ ದಿವಾಳಿ ಕಾಯಿದೆ ಅನ್ವಯಿಸುತ್ತದೆ, ಹೋಗಬೇಕಾದುದು ಜಿಲ್ಲಾ ನ್ಯಾಯಾಲಯಕ್ಕೆ. ಆದರೆ ಡೊಂಬಿವಲಿಯಲ್ಲಿ ಮಲಗಲು ಮಾತ್ರ ಹೋಗಿ ದಿನವಿಡೀ ಕೋಟೆ ಪ್ರದೇಶದಲ್ಲಿ ದುಡಿಯುವ ನಮ್ಮವರು ಬಹಳ. ಎಲ್ಲೆಯೊಳಗೆ ಸ್ವತಃ ದುಡಿದು ಸಂಪಾದಿಸುವವನಿಗೂ 1909ರ ಕಾಯಿದೆ ಬಾಗಿಲು ತೆರೆದಿದೆ. ಕಳೆದ ಒಂದು ವರ್ಷದೊಳಗೆ ಅಲ್ಲಿ ವಾಸವಿದ್ದವನಿಗೂ, ವ್ಯಾಪಾರ ನಡೆಸಿದವನಿಗೂ ಹಾಗೆಯೇ.

ನ್ಯಾಯಾಲಯ ಒಬ್ಬನನ್ನು ದಿವಾಳಿಯೆಂದು ಘೋಷಿಸಿದೊಡನೆ ಅವನ ಆಸ್ತಿ ಅಫೀಷಿಯಲ್ ಅಸೈನಿ ಎಂಬ ಅಧಿಕಾರಿಯ ಕೈಸೇರುತ್ತದೆ. ಸಾಲಕೊಟ್ಟವರು ಕೋರ್ಟಿನ ಅನುಮತಿಯಿಲ್ಲದೆ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆಯ ಆದೇಶವನ್ನೂ ಕೇಳಬಹುದು. 30 ದಿನಗಳೊಳಗೆ ಆಸ್ತಿ, ಸಾಲಗಳ ಸಂಪೂರ್ಣ ಪಟ್ಟಿಯನ್ನು ಪ್ರಮಾಣಪೂರ್ವಕವಾಗಿ ಸಲ್ಲಿಸಬೇಕು. ಬಹಿರಂಗ ವಿಚಾರಣೆಯಲ್ಲಿ ಪ್ರಶ್ನೆಗಳಿಗೆ ಉತ್ತರಿಸಬೇಕು. ಉಪಕರಣ, ಬಟ್ಟೆಬರೆ, ಹಾಸಿಗೆ, ಪಾತ್ರೆಪಡಗ ಎಲ್ಲ ಸೇರಿ 300 ರೂಪಾಯಿ ಬೆಲೆಯಷ್ಟನ್ನು ಉಳಿಸಿಕೊಳ್ಳಬಹುದೆಂದು 1909ರ ಕಾಯಿದೆ ಹೇಳುತ್ತದೆ. ಈ ಅಂಕಿಯನ್ನು ಒಂದು ಶತಮಾನದಿಂದ ಯಾರೂ ತಿದ್ದದಿರುವುದು ನಾಚಿಕೆಗೇಡು. 1920ರ ಕಾಯಿದೆಯಲ್ಲಿ ಮಾತ್ರ, ಜಪ್ತಿಗೆ ಹೊರತಾದ ವಸ್ತುಗಳೆಲ್ಲ ಸಾಲಿಗನಲ್ಲಿಯೇ ಉಳಿಯುತ್ತವೆ.

ಹಲವರು ಎಡವುವುದು ಅರ್ಜಿಗೆ ಮುಂಚಿನ ದಿನಗಳಲ್ಲಿ. ಕೋಣೆಯನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿ, ಭಾವನ ಕೈಸಾಲವನ್ನು ಗುಟ್ಟಾಗಿ ತೀರಿಸಿ, ಬಳಿಕ ಬರಿಗೈಯವನೆಂದು ಕೋರ್ಟಿಗೆ ಹೋಗುತ್ತಾರೆ. ಘೋಷಣೆಗೆ ಹಿಂದಿನ ಎರಡು ವರ್ಷಗಳ ದಾನಪತ್ರಗಳನ್ನೂ, ಮೂರು ತಿಂಗಳೊಳಗೆ ಒಬ್ಬನಿಗೆ ಮಾತ್ರ ತೋರಿದ ಪಕ್ಷಪಾತದ ಪಾವತಿಗಳನ್ನೂ ಅಸೈನಿ ಪ್ರಶ್ನಿಸಿ ರದ್ದುಪಡಿಸಬಹುದು. ಮುಚ್ಚಿಟ್ಟದ್ದು ಬಯಲಾದರೆ ವಿಮೋಚನೆಗೇ ಅಡ್ಡಿ.

ದಿವಾಳಿಯ ಘೋಷಣೆಯೇ ಋಣಮುಕ್ತಿಯಲ್ಲ. ವಿಮೋಚನೆಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು; ಗೊತ್ತುಪಡಿಸಿದ ಅವಧಿಯಲ್ಲಿ ಸಲ್ಲಿಸದಿದ್ದರೆ ಘೋಷಣೆಯೇ ರದ್ದಾಗಿ, ಸಾಲಕೊಟ್ಟವರು ಮರಳಿ ಬಾಗಿಲಿಗೆ ಬರಬಹುದು. ಆಸ್ತಿಯು ಭದ್ರತೆಯಿಲ್ಲದ ಸಾಲದ ರೂಪಾಯಿಗೆ ನಾಲ್ಕಾಣೆಯಷ್ಟಾದರೂ ಇಲ್ಲವಾದರೆ ಕೋರ್ಟು ಪೂರ್ಣ ವಿಮೋಚನೆಗೆ ಹಿಂಜರಿಯುತ್ತದೆ. ಆದರೆ ತನ್ನ ತಪ್ಪಿಲ್ಲದ ಕಾರಣದಿಂದ ಆ ಸ್ಥಿತಿ ಬಂದಿತೆಂದು ತೋರಿಸಿಕೊಟ್ಟರೆ ಈ ಅಡ್ಡಿಯಿಲ್ಲ. ಆಸ್ಪತ್ರೆಯ ಬಿಲ್ಲುಗಳು, ಔಷಧದ ಚೀಟಿಗಳು, ಕೆಲಸ ಕಳೆದುಕೊಂಡ ಪತ್ರ ಇವನ್ನು ಜೋಪಾನವಾಗಿ ಇಟ್ಟಿರಬೇಕೆನ್ನುವುದು ಇದಕ್ಕಾಗಿಯೇ. ವಿಮೋಚನೆಯಾಗುವ ತನಕ, ತಾನು ದಿವಾಳಿಯೆಂದು ತಿಳಿಸದೆ 50 ರೂಪಾಯಿ ಸಾಲ ಪಡೆದರೂ ಅದು ಅಪರಾಧ. ಸರಕಾರಕ್ಕೆ ಸಲ್ಲಬೇಕಾದ ಬಾಕಿ, ವಂಚನೆಯಿಂದ ಮಾಡಿದ ಸಾಲ, ಹೆಂಡತಿ ಮಕ್ಕಳಿಗೆ ಕೊಡಬೇಕಾದ ಜೀವನಾಂಶ ಇವು ವಿಮೋಚನೆಯ ಬಳಿಕವೂ ಉಳಿಯುತ್ತವೆ. ಮನೆಯ ಮೇಲಿನ ಸಾಲಕ್ಕೂ ಚಿನ್ನದ ಅಡವಿಗೂ ಈ ಕಾಯಿದೆ ಕವಚವಲ್ಲ. ಭದ್ರತೆ ಹಿಡಿದವನು ತನ್ನ ಭದ್ರತೆಯನ್ನು ಮಾರಿಕೊಳ್ಳಬಲ್ಲ.

ನಮ್ಮ ಸಮಾಜದ ಮಟ್ಟಿಗೆ ಅತ್ಯಂತ ಗಂಭೀರವಾದ ಪ್ರಶ್ನೆ ಜಾಮೀನಿನದು. ಊರವನು, ಜಾತಿಬಾಂಧವ, ರಾತ್ರಿಶಾಲೆಯಲ್ಲಿ ಜೊತೆಗೆ ಕಲಿತವನು ಎಂಬ ದಾಕ್ಷಿಣ್ಯಕ್ಕೆ ಪತ್‌ಪೇಢಿಯ ಕಾಗದಕ್ಕೆ ಸಹಿ ಹಾಕುವುದು ಇಲ್ಲಿ ಲೋಕಾರೂಢಿ. ‘ಸಹಿ ಮಾತ್ರ, ಹಣ ನಾನೇ ಕಟ್ಟುತ್ತೇನೆ’ ಎಂಬ ಮಾತು ಕಾಯಿದೆಯ ಮುಂದೆ ನಿಲ್ಲದು. ಜಾಮೀನುದಾರನ ಹೊಣೆ ಸಾಲಿಗನ ಹೊಣೆಯಷ್ಟೇ ಪೂರ್ಣವಾದುದು. ಮೊದಲು ಅವನಲ್ಲಿ ಕೇಳಿ ಬನ್ನಿ ಎನ್ನುವಂತಿಲ್ಲ. ಸಾಲಿಗನು ದಿವಾಳಿಯಾಗಿ ಕೋರ್ಟಿನಿಂದ ವಿಮೋಚನೆ ಪಡೆದರೂ ಜಾಮೀನುದಾರ ಬಿಡುಗಡೆಯಾಗುವುದಿಲ್ಲ! ಸಹಕಾರಿ ಸಂಘಗಳಾದರೋ ದೀರ್ಘವಾದ ದಾವೆಯಿಲ್ಲದೆ ವಸೂಲಿ ಪ್ರಮಾಣಪತ್ರ ಪಡೆದು ಭೂಕಂದಾಯದ ಬಾಕಿಯಂತೆ ವಸೂಲು ಮಾಡಬಲ್ಲವು. ಹೀಗಾಗಿ ಒಬ್ಬನು ಪಾಪರಾದಾಗ ಇಬ್ಬರು ಮೂವರು ಸಂಬಳಗಾರರ ಮನೆಯ ಒಲೆ ತಣ್ಣಗಾಗುತ್ತದೆ. ಹಣ ಕಟ್ಟಿದ ಜಾಮೀನುದಾರನಿಗೆ ಸಾಲಿಗನಿಂದ ಅದನ್ನು ಮರಳಿ ಪಡೆಯುವ ಹಕ್ಕಿದೆ. ಬೇರೆ ಕರಾರಿಲ್ಲದಿದ್ದರೆ ಸಹಜಾಮೀನುದಾರರಿಂದ ಸಮಪಾಲನ್ನೂ ಕೇಳಬಹುದು. ಸಾಲಿಗನ ದಿವಾಳಿ ಪ್ರಕ್ರಿಯೆ ನಡೆಯುತ್ತಿದ್ದರೆ ಜಾಮೀನುದಾರ ಸುಮ್ಮನೆ ಕುಳಿತಿರದೆ ತನ್ನ ಹಕ್ಕನ್ನೂ ಅಸೈನಿಯ ಮುಂದೆ ಮಂಡಿಸಬೇಕು.

ಹೋಟೆಲು, ಕೇಟರಿಂಗ್ ಉದ್ಯಮವನ್ನು ಖಾಸಗಿ ಕಂಪೆನಿಯಾಗಿ ಮಾಡಿಕೊಂಡು ಬ್ಯಾಂಕಿಗೆ ಸ್ವಂತ ಜಾಮೀನು ಬರೆದುಕೊಟ್ಟವರು ಇನ್ನೊಂದು ಅಂಶ ಗಮನಿಸಬೇಕು. ಕಂಪೆನಿಗಳ ಜಾಮೀನುದಾರರ ಮಟ್ಟಿಗೆ 2016ರ ಸಂಹಿತೆ 2019ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. 2021ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ.

ಖಾಸಗಿ ಬಡ್ಡಿವ್ಯಾಪಾರಿಯ ಸಾಲಕ್ಕೆ ದಿವಾಳಿಯವರೆಗೆ ಹೋಗುವ ಅಗತ್ಯವೇ ಬೀಳದಿರಬಹುದು. 2014ರ ಮಹಾರಾಷ್ಟ್ರ ಲೇವಾದೇವಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಈ ವ್ಯವಹಾರ ನಡೆಸುವವನಿಗೆ ಐದು ವರ್ಷಗಳವರೆಗೆ ಸಜೆಯುಂಟು. ಬಡ್ಡಿಯ ಮೊತ್ತ ಅಸಲನ್ನು ಮೀರುವಂತಿಲ್ಲ. ದೂರು ಕೊಡಬೇಕಾದುದು ಸಹಕಾರ ಇಲಾಖೆಯ ಜಿಲ್ಲಾ ನಿಬಂಧಕರಿಗೆ.

ಸಾಲವನ್ನು ಒಟ್ಟಾಗಿ ತೊಡೆದುಹಾಕುವ ಕಾಯಿದೆಗಳೂ ಬಂದುಹೋಗಿವೆ. 1975ರ ಮಹಾರಾಷ್ಟ್ರ ಋಣ ಪರಿಹಾರ ಕಾಯಿದೆ ಸಣ್ಣ ರೈತರು, ಕೃಷಿಕೂಲಿಗಳು, ಕಾರ್ಮಿಕರ ಖಾಸಗಿ ಸಾಲವನ್ನು ಮನ್ನಾ ಮಾಡಿ ಅಡವಿನ ವಸ್ತುಗಳನ್ನು ಮರಳಿಸಲು ಆಜ್ಞಾಪಿಸಿತು. 1977ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಾಗ ತೀರ್ಪು ಬರೆದವರೂ ಕೃಷ್ಣ ಅಯ್ಯರ್ ಅವರೇ. 2019ರ ಜುಲೈಯಲ್ಲಿ ಜಾರಿಗೆ ಬಂದ ಕರ್ನಾಟಕದ ಋಣ ಪರಿಹಾರ ಕಾಯಿದೆಯೂ ಅದೇ ಬಗೆಯದು. ಊರಲ್ಲಿ ಅಡವಿಟ್ಟ ಒಡವೆಗೆ ಅದರಡಿ ಇನ್ನೂ ಅರ್ಜಿ ಹಾಕಬಹುದೇ ಎಂದು ಕೇಳುವವರಿದ್ದಾರೆ. ಅರ್ಜಿಗೆ ಇದ್ದ ಅವಧಿ ಮುಗಿದುಹೋಗಿದೆ.

ವಕೀಲರ ಶುಲ್ಕಕ್ಕೆ ಹೆದರಿ ಹಿಂದೆಗೆಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರು, ಪರಿಶಿಷ್ಟ ಜಾತಿ ಪಂಗಡದವರು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಇತರರಿಗೆ ಆದಾಯದ ಮಿತಿಯುಂಟು. ಹೈಕೋರ್ಟಿನಲ್ಲಿಯೂ ಜಿಲ್ಲಾ ನ್ಯಾಯಾಲಯಗಳಲ್ಲಿಯೂ ಇದಕ್ಕಾಗಿ ಕಚೇರಿಗಳಿವೆ. ಹೋಗುವಾಗ ಸಾಲದ ಕರಾರುಗಳು, ಬ್ಯಾಂಕಿನ ಪಾಸ್‌ಪುಸ್ತಕ, ಬಂದ ನೋಟೀಸುಗಳು, ಆರು ತಿಂಗಳ ಸಂಬಳದ ಚೀಟಿ, ವಾಸಸ್ಥಳದ ದಾಖಲೆ ಹಾಗೂ ಯಾರ್‍ಯಾರಿಗೆ ಜಾಮೀನು ನಿಂತಿದ್ದೀರೆಂಬ ಪಟ್ಟಿಯನ್ನು ತಪ್ಪದೆ ಕೊಂಡೊಯ್ಯಿರಿ.