ಬಸ್ಸಾರು, ಸಣ್ಣ ಮುದ್ದೆ: ಸಕ್ಕರೆ ಕಾಯಿಲೆಯವರಿಗೆ ಹೊಟ್ಟೆ ತುಂಬುವ ಊಟ

“ಅನ್ನ ಬಿಟ್ಟು ಮುದ್ದೆ ಹಿಡಿದಿದ್ದೇನೆ, ಆದರೂ ಶುಗರ್ ಇಳಿದಿಲ್ಲ” ಎನ್ನುವವರು ಬಹಳ. ರಾಗಿ ಒಳ್ಳೆಯದೇ, ನಾರು, ಕ್ಯಾಲ್ಸಿಯಂ ಎರಡೂ ಅದರಲ್ಲಿ ಚೆನ್ನಾಗಿವೆ. ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬೊಹೈಡ್ರೇಟ್ ಇದೆ. ದೊಡ್ಡ ಮುದ್ದೆಯನ್ನು ಬರೀ ತಿಳಿಸಾರಿನಲ್ಲಿ ಉಂಡರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಧಾನ್ಯ ಬದಲಿಸಿದರೆ ಸಾಲದು, ತಟ್ಟೆಯಲ್ಲಿ ಅದರ ಪಾಲು ಇಳಿಯಬೇಕು. ಅರ್ಧ ತಟ್ಟೆ ಸೊಪ್ಪು-ತರಕಾರಿ, ಕಾಲು ಭಾಗ ಕಾಳು, ಉಳಿದ ಕಾಲು ಭಾಗ ಮುದ್ದೆ ಅಥವಾ ಅನ್ನ ಇರಲಿ.

ಈ ಲೆಕ್ಕಕ್ಕೆ ಹಳೇ ಮೈಸೂರು ಕಡೆಯ ಬಸ್ಸಾರಿನಷ್ಟು ಒಗ್ಗುವ ಅಡುಗೆ ನನಗೆ ಬೇರೆ ಕಾಣದು. ಬೇಯಿಸಿದ ನೀರು ಸಾರಾಗುತ್ತದೆ, ಬಸಿದು ಉಳಿದದ್ದು ಪಲ್ಯವಾಗುತ್ತದೆ. ಮೂವರಿಗೆ ಅಳತೆ ಹೀಗಿದೆ.

ಮೊದಲು ಕಾಳು: 150 ಗ್ರಾಂ ಹುರುಳಿಕಾಳನ್ನು ಕಲ್ಲು ಆರಿಸಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ ಬರುತ್ತದೆ. ಧಾರಾಳವಾಗಿ ನೀರು ಹಾಕಿ ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ. ಕಾಳು ಬೆರಳಲ್ಲಿ ಹಿಸುಕಿದರೆ ಮೆತ್ತಗಾಗಬೇಕು, ಕರಗಬಾರದು.

ನಂತರ ಸೊಪ್ಪು: ದಂಟು, ಸಬ್ಬಸಿಗೆ, ಹರಿವೆ ಯಾವುದಾದರೂ ಎರಡು ದೊಡ್ಡ ಕಟ್ಟು. ತೊಳೆದು ಹೆಚ್ಚಿ, ಬೆಂದ ಕಾಳಿನ ಜೊತೆ ಉಪ್ಪು ಹಾಕಿ ಐದಾರು ನಿಮಿಷ ಕುದಿಸಿ. ಎಲ್ಲವನ್ನೂ ಬಸಿಯಿರಿ. ಬಸಿದು ಬಂದ ನೀರೇ ಕಟ್ಟು, ಅದನ್ನು ಚೆಲ್ಲಬೇಡಿ, ರುಚಿಯೆಲ್ಲ ಅದರಲ್ಲೇ ಇದೆ.

ಸಾರಿಗೆ: ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿ ಹುರಿದುಕೊಳ್ಳಿ. ಎರಡು ಚಮಚ ತೆಂಗಿನತುರಿ, ಸ್ವಲ್ಪ ಹುಣಸೆಹಣ್ಣು, ಒಂದು ಸೌಟು ಬೆಂದ ಕಾಳು-ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ. ರುಬ್ಬಿದ ಕಾಳೇ ಸಾರನ್ನು ಮಂದ ಮಾಡುತ್ತದೆ, ಹೆಚ್ಚು ಕಾಯಿ ಬೇಡ. ಕಟ್ಟಿಗೆ ಬೆರೆಸಿ ಕುದಿಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಡಿ. ಉಳಿದ ಕಾಳು-ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಪಲ್ಯ ಸಿದ್ಧ. ಜೊತೆಗೆ ಸೌತೆಕಾಯಿ ಅಥವಾ ಮೂಲಂಗಿ ಕೋಸಂಬರಿ ಇರಲಿ.

ಮುದ್ದೆಗೆ ಎರಡು ಲೋಟ ನೀರು, ಒಂದು ಲೋಟ ಹಿಟ್ಟು. ಕುದಿಯುವ ನೀರಿನ ನಡುವೆ ಹಿಟ್ಟು ಸುರಿದು, ಕೈಯಾಡಿಸದೆ ಸಣ್ಣ ಉರಿಯಲ್ಲಿ ಐದು ನಿಮಿಷ ಬೇಯಲು ಬಿಟ್ಟು, ಆಮೇಲೆ ಕೋಲಿನಿಂದ ಗಂಟಿಲ್ಲದಂತೆ ತೊಳಸಿ. ಕಿತ್ತಳೆ ಗಾತ್ರದ ಮೂರು ಮುದ್ದೆಯಾಗುತ್ತವೆ, ತಲೆಗೆ ಒಂದೇ. ಇನ್ನೂ ಹಸಿವೆನಿಸಿದರೆ ಬಡಿಸಿಕೊಳ್ಳಬೇಕಾದ್ದು ಪಲ್ಯ.

ಉಣ್ಣುವ ಕ್ರಮವೂ ಮುಖ್ಯ. ಕೋಸಂಬರಿ ಮತ್ತು ಪಲ್ಯದಲ್ಲಿ ಅರ್ಧದಷ್ಟನ್ನು ಮೊದಲು ತಿಂದು ಆಮೇಲೆ ಮುದ್ದೆ ಮುರಿಯಿರಿ. ನಾರು, ಪ್ರೋಟೀನ್ ಮೊದಲೇ ಹೊಟ್ಟೆ ಸೇರಿದರೆ ಊಟದ ನಂತರ ಸಕ್ಕರೆ ಏರುವ ವೇಗ ತಗ್ಗುತ್ತದೆ. ಉಂಡ ಮೇಲೆ 15 ನಿಮಿಷ ಓಡಾಡಿದರೆ ಇನ್ನೂ ಒಳ್ಳೆಯದು.

ಉತ್ತರ ಕರ್ನಾಟಕದವರು ಒಂದು ಜೋಳದ ರೊಟ್ಟಿ, ಮಡಿಕೆಕಾಳು, ಪುಂಡಿಪಲ್ಯ, ಮೊಸರು ಇಟ್ಟುಕೊಂಡರೆ ಇದೇ ಲೆಕ್ಕ.

ಊಟ ಶುರುಮಾಡಿ ಎರಡು ಗಂಟೆಗೆ ಗ್ಲುಕೋಮೀಟರಿನಲ್ಲಿ ನೋಡಿ ಬರೆದಿಡಿ. ಸಕ್ಕರೆ ಕಾಯಿಲೆ ಇರುವ ಹೆಚ್ಚಿನ ವಯಸ್ಕರಿಗೆ ಅದು 180ರ ಒಳಗಿರಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮುದ್ದೆ-ಅನ್ನವನ್ನು ಒಮ್ಮೆಲೇ ಕಡಿತ ಮಾಡಬೇಡಿ, ಸಕ್ಕರೆ 70ಕ್ಕಿಂತ ಕೆಳಗಿಳಿಯುವ ಅಪಾಯವಿದೆ. ಮೂತ್ರಪಿಂಡದ ತೊಂದರೆ ಇರುವವರು ಕಾಳು-ಸೊಪ್ಪು ಎಷ್ಟು ತಿನ್ನಬಹುದು ಎಂದು ವೈದ್ಯರನ್ನು ಕೇಳಿಯೇ ಒಲೆ ಹಚ್ಚಿ.